ಕಟ್ಟೆಯ ಮೇಲೆ ಔಟಾದವನು

"ಟಿವಿ ಬಂದ್ ಮಾಡ್ರಿ! ಮೊದ್ಲು ಬಂದ್ ಮಾಡ್ರಿ!"

ಶನಿವಾರ ಮಧ್ಯಾಹ್ನ ಬಳ್ಳಾರಿ ಬಸ್ಸಿಳಿದು ಕುರುಗೋಡಿನ ಮನೆಗೆ ಬಂದ ಶಾಂಭವಿ ಹೊಸ್ತಿಲಲ್ಲೇ ಕೂಗಿದಳು.

ಒಳಗೆ ಒಬ್ಬ ಅಪರಿಚಿತ! ಲುಂಗಿ ಎತ್ತಿ ಕಟ್ಟಿ, ಟಿವಿಯಲ್ಲಿ ಕಬಡ್ಡಿ ನೋಡುತ್ತಾ ತೊಡೆ ತಟ್ಟುತ್ತಿದ್ದಾನೆ. ಪಕ್ಕದ ಕುರ್ಚಿಯಲ್ಲಿ ಲಕ್ವಾ ಹೊಡೆದ ಅಪ್ಪ. ಗದ್ದದ ಮೇಲೆ ಮೊಸರನ್ನ, ಅಂಗಿಯ ಮೇಲೂ ಮೊಸರನ್ನ.

ಅವನು ಗಾಬರಿಯಿಂದ ಎದ್ದು ನಿಂತ. ಗೋಡೆಯ ಮೇಲಿದ್ದ ಅವಳ ಫೋಟೋವನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಫೋಟೋ ಯಾಕೆ ನೋಡಿದ ಎಂದು ಶಾಂಭವಿ ಕೇಳಬಹುದಿತ್ತು. ಆದರೆ ಕೋಪ ಮುಂದಿತ್ತಲ್ಲ!

"ನಾನು ಸಿರುಗುಪ್ಪದ ಮಾರೇಶ್ರಿ. ಮೇಷ್ಟ್ರ ಕೈಯಾಗ ಆಟ ಕಲ್ತವ್ನು..."

"ಕಲ್ತಿದ್ದು ಇದನ್ನೇನ್ರಿ? ಡಾಕ್ಟ್ರು ರೆಸ್ಟ್ ಬೇಕಂದಾರ. ಮ್ಯಾಚ್ ನೋಡಾಕ ನಿಮಗ ನಮ್ ಮನೀನಾ ಸಿಕ್ತಾ? ಹೊರಗ ನಡೀರಿ!"

ಅವನು ತನ್ನ ಟವೆಲಿನಿಂದ ಅಪ್ಪನ ಗದ್ದ ಒರೆಸಿ ಹೊರಟುಹೋದ.

ನಿಜ ಹೇಳಬೇಕೆಂದರೆ ಆ ಕೋಪ ಅವನ ಮೇಲಿನದಲ್ಲ. ಮೂರು ವಾರದಿಂದ "ಓವರ್ ಟೈಮ್ ಐತಿ" ಎಂದು ಸುಳ್ಳು ಹೇಳಿ, ಬಳ್ಳಾರಿಯ ರೂಮಿನಲ್ಲಿ ಸೀರಿಯಲ್ ನೋಡುತ್ತಾ ಬಿದ್ದುಕೊಂಡಿದ್ದವಳು ಇವಳೇ! ಊರಿನ ಮಕ್ಕಳನ್ನೆಲ್ಲ ವಿಸಿಲ್ ಊದಿ ಓಡಿಸಿದ ಪಿ.ಟಿ. ಮೇಷ್ಟ್ರು ಪ್ರಭುಲಿಂಗ ಮಾತಿಲ್ಲದೆ ಕೂರುವುದನ್ನು ನೋಡುವ ಧೈರ್ಯ ಮಗಳಿಗಿರಲಿಲ್ಲ.

ಅಂದು ಅಪ್ಪ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆಯೂ ಹಲ್ಲು ಕಚ್ಚಿ ಕೂತ. 'ನನ್ನ ಮೇಲೆ ಸಿಟ್ಟಾ ಅಪ್ಪಾ...?'

ಹಲಕುಂದಿ ಮಠಕ್ಕೆ ಹೋಗಿದ್ದ ಸೋದರತ್ತೆ ದೊಡ್ಡಬಸಮ್ಮ ಆಗ ಬಂದಳು. ವಿಷಯ ಕೇಳಿ ಹಣೆ ಬಡಿದುಕೊಂಡಳು.

"ಅಯ್ಯೋ ನನ್ನ ತಾಯಿ! ನಾನಾ ಅವನಿಗೆ ಒಪ್ಪಿಸಿ ಹೋಗಿದ್ನಲ್ಲೇ! ಟಿವ್ಯಾಗ ರೈಡ್ ಹೋದ್ರ ನಿಮ್ಮಪ್ಪನೂ ಕಬಡ್ಡಿ ಕಬಡ್ಡಿ ಅಂತಾನ. ರೈಡ್ ಮುಗೀತಿದ್ದಂಗ ಬಾಯಾಗ ತುತ್ತು ಇಡ್ತಾನ ಮಾರೇಶ. ಮೂರು ವಾರದಿಂದ ಪ್ರತಿ ಶನಿವಾರ, ಐತವಾರ ಬರ್ತಾನ. ಉಳಿದ ಹೊತ್ತು ಸಿರುಗುಪ್ಪದ ಮೈದಾನದಾಗಾ ಇರ್ತಾನ."

"ಅಪ್ಪ... ಮಾತಾಡ್ತಾನಾ? ನನಗ್ಯಾಕ ಹೇಳ್ಲಿಲ್ಲ ಅತ್ತಿ?"

"ಫೋನ್ ಮಾಡಿದ್ರ ಬಿಜಿ ಅದೀನಿ ಅಂತಿ. ಯಾವಾಗ ಹೇಳ್ಲಿ?"

ಶಾಂಭವಿ ಎದ್ದು ಟಿವಿ ಹಾಕಿದಳು. ಅಪ್ಪ ಮುಖವನ್ನು ಗೋಡೆ ಕಡೆ ತಿರುಗಿಸಿದ.

ಆ ಮುಖ ನೋಡಿದ ಮೇಲೆ ಅವಳು ನಿಲ್ಲಲಿಲ್ಲ. ಸಿರುಗುಪ್ಪದ ಬಸ್ಸು ಹತ್ತಿದಳು.

ಮೈದಾನದಲ್ಲಿ ಮಾರೇಶ್ ಪೈಪ್ ಹಿಡಿದು ಕಬಡ್ಡಿ ಅಂಕಣದ ಮಣ್ಣಿಗೆ ನೀರು ಬಿಡುತ್ತಿದ್ದ.

"ತಪ್ಪಾತ್ರಿ... ಅಪ್ಪ ನಿನ್ನೆಯಿಂದ ಉಂಡಿಲ್ಲ..."

ಪೈಪ್ ಅಲ್ಲೇ ಬಿತ್ತು. "ನಿನ್ನೆಯಿಂದಾ? ಗಾಡಿ ಹತ್ರಿ ಮೊದ್ಲು!"

ದಾರಿಯುದ್ದಕ್ಕೂ ಒಂದೂ ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು... ಅವನ ಬೆನ್ನ ಹಿಂದೆ ಸದ್ದಿಲ್ಲದೆ ಅತ್ತಳು.

ಆದರೆ ಕುರುಗೋಡು ಮುಟ್ಟಿದ ಮೇಲೆ ಮಾರೇಶ್ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟ.

"ಒಳಗ ಬರ್ರಿ!"

"ನೀವು ನನ್ನ ಔಟ್ ಮಾಡೀರಲ್ರಿ. ಔಟಾದವನು ಒಳಗ ಬರಬೇಕಂದ್ರ ನಮ್ ಕಡಿಯವ್ರು ಒಂದು ಪಾಯಿಂಟ್ ತರಬೇಕು. ಮೇಷ್ಟ್ರು ಕಲಿಸಿದ್ದು."

"ಚಾಷ್ಟಿ ಮಾಡೂ ಹೊತ್ತೇನ್ರಿ ಇದು?"

ಅವನ ದನಿ ಮೆತ್ತಗಾಯಿತು. "ಮೇಷ್ಟ್ರು ಕಾಯಾಕತ್ತಿದ್ದು ನನ್ನಲ್ರಿ. ಉಸಿರು ಹಿಡಿಯಾಕ ಮುಂಚೆ ಪ್ರತಿ ಸಲ ನಿಮ್ಮ ಫೋಟೋ ನೋಡ್ತಾರ. ಇವತ್ತು ನೀವಾ ಹೋಗ್ರಿ. ನಾ ಇಲ್ಲೇ ಇರ್ತೀನಿ."

ಒಳಗೆ ಕರೆಂಟ್ ಹೋಗಿತ್ತು. ಟಿವಿಯೂ ಇಲ್ಲ. ಅಪ್ಪ, ಬಟ್ಟಲು ಹಿಡಿದ ಅತ್ತೆ, ಮತ್ತು ಅವಳು.

ಶಾಂಭವಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ತೊಡೆ ತಟ್ಟಿದಳು.

"ಕಬಡ್ಡಿ ಕಬಡ್ಡಿ ಕಬಡ್ಡಿ..."

ನಡುವೆ ಬಿಕ್ಕಿದಳು. ಉಸಿರು ಕಡಿಯಿತು. ಗೋಡೆ ಕಡೆಯಿದ್ದ ಮುಖ ತಟ್ಟನೆ ತಿರುಗಿತು. ಹುಬ್ಬು ಗಂಟಿಕ್ಕಿತ್ತು! ರೈಡಿನಲ್ಲಿ ಉಸಿರು ಕಡಿದರೆ ಪಿ.ಟಿ. ಮೇಷ್ಟ್ರು ಬಿಡುವುದುಂಟೇ?

"ಓವರ್ ಟೈಮ್ ಇರ್ಲಿಲ್ಲಪ್ಪಾ... ನಿನ್ನ ನೋಡಾಕ ಹೆದರಿ ಸುಳ್ಳು ಹೇಳಿದೆ..."

ಅಪ್ಪ ಎಡಗೈ ಎತ್ತಿ ತನ್ನ ತೊಡೆಯನ್ನು ತಟ್ಟಿದ. ಮತ್ತೆ ಹೋಗು ಎಂಬಂತೆ!

"ಕಬಡ್ಡಿ ಕಬಡ್ಡಿ..."

"ಕ... ಬಡ್ಡಿ... ಕಬ..."

ಅಪ್ಪನ ದನಿ! ಅವಳು ಓಡಿಬಂದು ಕೂತಳು. ಅಪ್ಪ ಬಾಯಿ ತೆರೆದ. ತುತ್ತು ಇಟ್ಟಳು. ನಿಧಾನವಾಗಿ ನುಂಗಿದ. ಮತ್ತೆ ತೆರೆದ.

ಬಟ್ಟಲು ಖಾಲಿಯಾದ ಮೇಲೆ ಶಾಂಭವಿ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಮಾರೇಶ್ ಕಣ್ಣೊರೆಸಿಕೊಳ್ಳುತ್ತಿದ್ದ.

"ಪಾಯಿಂಟ್ ಬಂತೇನ್ರಿ?"

"ಬಂತು. ಒಳಗ ಬರ್ರಿ."

"ನಿಮ್ಮ ಫೋಟೋ ಮೇಷ್ಟ್ರೊಬ್ಬರಾ ನೋಡ್ತಿರ್ಲಿಲ್ರಿ. ನಾನೂ ನೋಡ್ತಿದ್ದೆ... ಈಗ ಒಳಗ ಬಂದ್ರ ನನಗ ಹೊರಗ ಹೋಗಾಕ ಮನಸಾಗೂದಿಲ್ಲ."

ಅವಳ ಕೆನ್ನೆ ಕೆಂಪಾಯಿತು. ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

"ಮುಂದಿನ ಶನಿವಾರ ನನ್ನ ಕರಿಯಾಕ ಬಸ್ ಸ್ಟ್ಯಾಂಡಿಗೆ ಬರ್ತೀರಾ?" ಎಂದು ಕೇಳಿದಳು.

"ಓವರ್ ಟೈಮ್ ಇದ್ರ?" ಎಂದ, ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಮಾರೇಶ್.

"ಇರೂದಿಲ್ಲ," ಎಂದಳು ಶಾಂಭವಿ. "ಇನ್ನೆಂದೂ ಇರೂದಿಲ್ಲ."