ಅವನ ಎಡಗಡೆಯ ಸೀಟು

"ಸ್ವಲ್ಪ ದಾರಿ ಬಿಡ್ತೀರಾ? ಮಧ್ಯದ ಸೀಟು ನನ್ನದು."

ಆ ದನಿ!

ಕಿಟಕಿಯ ಪಕ್ಕ ಕೂತಿದ್ದ ಗುಬ್ಬಿಯ ಎದೆ ಧಸಕ್ಕೆಂದಿತು. ತಿರುಗಿ ನೋಡಬಾರದು ಅಂದುಕೊಂಡಳು. ಅಂದುಕೊಳ್ಳುವಷ್ಟರಲ್ಲೇ ಕತ್ತು ತಿರುಗಿಬಿಟ್ಟಿತ್ತು.

ಅವನೇ...

ಕೈಯಲ್ಲಿ ಬ್ಯಾಗು, ಹೆಗಲ ಮೇಲೆ ಅದೇ ಬೂದು ಜಾಕೆಟ್ಟು. ಅವಳನ್ನು ಕಂಡದ್ದೇ ಅವನೂ ನಿಂತಲ್ಲೇ ಕಲ್ಲಾದ. ಹಿಂದೆ ಸಾಲುಗಟ್ಟಿದ್ದವರಲ್ಲಿ ಯಾರೋ ಗೊಣಗಿದರು. "ಕೂತ್ಕೊಳ್ಳಪ್ಪ, ವಿಮಾನ ಎಲ್ಲಿಗೂ ಓಡಿಹೋಗಲ್ಲ!"

ಅಂಚಿನ ಸೀಟಿನಲ್ಲಿದ್ದ ಅವಳ ದೊಡ್ಡಮ್ಮ ಉಸ್ಸಪ್ಪಾ ಎಂದು ಎದ್ದು ದಾರಿ ಬಿಟ್ಟಳು. ಅವನು ಒಳಗೆ ಬಂದು, ಗುಬ್ಬಿಗೂ ದೊಡ್ಡಮ್ಮನಿಗೂ ನಡುವೆ ಕೂತ.

'ದೇವರೇ, ಇಷ್ಟು ದೊಡ್ಡ ವಿಮಾನದಲ್ಲಿ ಇದೊಂದೇ ಸೀಟು ಉಳಿದಿತ್ತಾ?'

"ಹೇಗಿದೀಯಾ?" ಅವನು ಮೆಲ್ಲಗೆ ಕೇಳಿದ.

ಗುಬ್ಬಿ ಮುಖ ಆಚೆ ತಿರುಗಿಸಿದಳು. ಅವನು ಮುಖ ತಗ್ಗಿಸಿ ಬೆಲ್ಟಿಗಾಗಿ ತಡಕಾಡುತ್ತಿದ್ದಾಗ ಮಾತ್ರ, ಕಿಟಕಿಯಿಂದ ಕಣ್ಣು ಕೀಳದೆ ಮೆಲ್ಲಗೆ ಹೇಳಿದಳು. "ದಯವಿಟ್ಟು ಬೇರೆ ಸೀಟು ಕೇಳಿ. ನನ್ನ ಪಕ್ಕ ಕೂರಬೇಡಿ."

ಅವನು ಬೆಲ್ಟು ಬಿಗಿದುಕೊಂಡ. ಹೂಂ ಇಲ್ಲ, ಉಹೂಂ ಇಲ್ಲ.

ಇದು ಈಚೆಗಷ್ಟೇ ಹಾರತೊಡಗಿದ ಹೊಸ ವಿಮಾನ. ಒಳಗಿನ್ನೂ ಆಗಷ್ಟೇ ಬಿಚ್ಚಿದ ಪೆಟ್ಟಿಗೆಯ ವಾಸನೆ. ಮೇಲೇರಿದ ಮೇಲೂ ಎಂಜಿನ್ನಿನ ಸದ್ದು ದೂರದ ಜೇನುಗೂಡಿನಷ್ಟೇ. ಮೂರು ಸಾಲು ಹಿಂದೆ ಯಾರೋ ಬಿಸ್ಕತ್ತಿನ ಪೊಟ್ಟಣ ಹರಿದದ್ದೂ ಕೇಳುತ್ತಿತ್ತು. ಅಂಥದ್ದರಲ್ಲಿ ತನ್ನ ಮಾತು ಕೇಳಿಸಲಿಲ್ಲವೇ? ಕೇಳಿಸದೆ ಏನು! ಅಹಂಕಾರ!

ಅತ್ತ ದೊಡ್ಡಮ್ಮನ ಜೊತೆ ಮಾತ್ರ ಅವನ ಮಾತು ನೀರಿನಂತೆ ಹರಿಯುತ್ತಿತ್ತು. ವಿಮಾನಕ್ಕೆ ಸೀಟು ಜೋಡಿಸುವ ಕೆಲಸ ತನ್ನದೆಂದು ಆಗಲೇ ಹೇಳಿಯಾಗಿತ್ತು.

"ನೀನೇ ಮಾಡಿದ್ದೇನಪ್ಪ ಈ ಸೀಟು? ಮೊಣಕಾಲಿಗೆ ಒಂದಿಷ್ಟು ಜಾಗ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಾನು ಜೋಡಿಸೋನು ಅಷ್ಟೇ ದೊಡ್ಡಮ್ಮ. ಜಾಗ ಅಳೆಯೋರು ಬೇರೆ ಇದಾರೆ. ಅವರು ಕೂರೋದು ಮುಂದೆ, ಆ ಪರದೆ ಆಚೆ."

ದೊಡ್ಡಮ್ಮ ಕಿಸಕ್ಕನೆ ನಕ್ಕಳು. "ಈಗ ಎಲ್ಲಿಗೆ ಹೊರಟೆ ಮತ್ತೆ?"

"ಹೊಸ ವಿಮಾನ ಅಲ್ವಾ, ಕೂತವರಿಗೆ ಎಲ್ಲೆಲ್ಲಿ ತೊಂದರೆ ಅಂತ ನೋಡ್ಕೊಂಡು ಬರೋಕೆ ಕಳಿಸಿದಾರೆ."

"ಹಾಗಾದ್ರೆ ನನ್ನ ಸೊಂಟಾನೂ ಸೇರಿಸ್ಕೋ!"

ಗುಬ್ಬಿ ಹಲ್ಲು ಕಚ್ಚಿದಳು. ಇವನು ಯಾರೆಂದು ಪಾಪ ದೊಡ್ಡಮ್ಮನಿಗೇನು ಗೊತ್ತು? ಹೋದ ವರ್ಷ ಮದುವೆಯ ಮಾತುಕತೆ ನಡೆದಾಗ ಅವಳು ಮಗಳ ಬಾಣಂತನಕ್ಕೆಂದು ಹೊರದೇಶದಲ್ಲಿದ್ದಳು. ಈಗ ಅದೇ ಮಗಳು ಅಲ್ಲೊಂದು ಗಂಡು ಹುಡುಕಿದ್ದಾಳೆ. ಇಳಿಯುತ್ತಲೇ ಅವರ ಮನೆಯವರು ಹೂವು ಹಿಡಿದು ಕಾದಿರುತ್ತಾರೆ.

"ಇವಳು ನಮ್ಮ ಗುಬ್ಬಿ, ನನ್ನ ಮೈದುನನ ಮಗಳು," ದೊಡ್ಡಮ್ಮ ಅವನಿಗೆ ಹೇಳುತ್ತಲೇ ಇದ್ದಳು. "ಗಂಡು ನೋಡೋಕೆ ಹೊರಟಿದೀವಿ. ಇಳಿದ ಮೇಲೆ ಹೂಂ ಅಂತೀನಿ ಅಂದಿದಾಳೆ. ಯಾರೋ ಪುಣ್ಯಾತ್ಮ ಹಿಂದೆ ಇವಳ ಮನಸ್ಸು ಮುರಿದು ಹೋದನಂತೆ. ನನ್ನ ಕೈಗೆ ಸಿಗಲಿ ಅವನು!"

ಅವನ ಕೈ ತೋಳಿನಾಸರೆಯನ್ನು ಗಟ್ಟಿಯಾಗಿ ಹಿಡಿಯಿತು.

ಗುಬ್ಬಿ ಗಾಜಿಗೆ ಹಣೆಯಾನಿಸಿದಳು. ಹೊರಗೆ ನೋಡೋಣವೆಂದರೆ, ಕಿಟಕಿ ತನ್ನಷ್ಟಕ್ಕೆ ನೀಲಿಯಾಗುತ್ತ, ಇನ್ನೂ ನೀಲಿಯಾಗುತ್ತ, ಕೊನೆಗೆ ಕಪ್ಪಿಟ್ಟಿತು! ಈ ವಿಮಾನದ ಕಿಟಕಿಗೆ ಎಳೆಯುವ ಮುಚ್ಚಳವೇ ಇಲ್ಲ. ಜನ ಮಲಗಲೆಂದು ಗಗನಸಖಿ ಎಲ್ಲೋ ಒಂದು ಗುಂಡಿ ಒತ್ತಿದರೆ ಹಾಡುಹಗಲೇ ಇರುಳಾಗಿಬಿಡುತ್ತದೆ.

ಕಪ್ಪಾದ ಗಾಜಿನಲ್ಲಿ ಅವನ ಮುಖ ಮೂಡಿತು. ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಅಹಂಕಾರವಿರಲಿಲ್ಲ... ಮತ್ತೇನು ಅದು?

ಗುಬ್ಬಿ ಕಣ್ಣು ಮುಚ್ಚಿದಳು. ಮುಚ್ಚಿದರೆ ಹಳೆಯದೆಲ್ಲ ಎದುರಿಗೆ.

ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಅವನು ಅಕ್ಕನ ಕೂಸನ್ನು ಎತ್ತಿಕೊಂಡು ಬಂದಿದ್ದ. ಕೂಸಿಗೆ ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂದು ನೋಡಲು ಅವಳು ಹೆಬ್ಬೆರಳಿಗೆ ತೋರುಬೆರಳು ತಿಕ್ಕಿ, ಕಿವಿಯ ಹತ್ತಿರ ಸಣ್ಣಗೆ ಸರಸರ ಎನ್ನಿಸಿದಳು. ಕೂಸು ಆಕಳಿಸಿತು. ತಿರುಗಿದ್ದು ಅದನ್ನೆತ್ತಿಕೊಂಡಿದ್ದ ಸೋದರಮಾವ!

"ನಿಮಗಲ್ಲ ರೀ ಪರೀಕ್ಷೆ!" ಎಂದು ಅವಳು ನಕ್ಕಿದ್ದಳು. "ಹೋಗ್ಲಿ ನರ್ಸಮ್ಮ, ನಾನು ಪಾಸಾ?" ಎಂದು ಅವನು ಕೇಳಿದ್ದ. ಪ್ರೀತಿ ಶುರುವಾಗಿದ್ದು ಅಲ್ಲಿ.

ಮುಗಿದದ್ದು ಮಾತುಕತೆಯ ದಿನ. ಅವನ ಎಡಗಡೆ ಅವನ ಸೋದರಮಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎದುರಿಗೆ ದರ್ಜಿ ಕೆಲಸದ ಅವಳ ಅಪ್ಪ, ತಾನೇ ಹೊಲಿದ ಹೊಸ ಅಂಗಿಯಲ್ಲಿ. ಅಕ್ಕನ ಕೂಸು ಅವನ ಬಲಗಡೆ ರಂಪ ಮಾಡುತ್ತಿತ್ತು. ಆ ಮಾವ ಅಳಿಯನ ಕಡೆ ಬಾಗಿ, ಅಪ್ಪನಿಗೂ ಕೇಳುವಂತೆ ಹೇಳಿದ. "ಹರಕು ಬಟ್ಟೆ ಹೊಲಿಯೋನ ಮಗಳು, ರಾತ್ರಿಯೆಲ್ಲ ಮನೆ ಹೊರಗಿರೋ ಕೆಲಸ. ಇಂಥವಳನ್ನ ಮನೆ ತುಂಬಿಸ್ಕೋತೀಯೇನೋ?"

ಅಪ್ಪನ ತಲೆ ಬಾಗಿತು. ಗುಬ್ಬಿ ಅವನತ್ತ ನೋಡಿದಳು. ಈಗ ಏಳುತ್ತಾನೆ, ಈಗ ಬಾಯಿ ಬಿಡುತ್ತಾನೆ...

ಅವನು ನಕ್ಕ. ನಕ್ಕು, ಹೌದೆಂಬಂತೆ ತಲೆಯಾಡಿಸಿದ!

ಅಪ್ಪ ಎದ್ದು ಹೊರಟ. ಹಿಂದೆಯೇ ಅವಳೂ. ಅವತ್ತಿನಿಂದ ಅವನ ಫೋನು ಎತ್ತಲಿಲ್ಲ, ಆಸ್ಪತ್ರೆಯನ್ನೂ ಬದಲಾಯಿಸಿದಳು.

ಆ ನಗು ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು. ಇಳಿದ ಮೇಲೆ ಮತ್ತೊಬ್ಬನಿಗೆ ಹೂಂ ಅನ್ನಬೇಕು. ಅದಕ್ಕೆ ಮೊದಲು ಇದೊಂದನ್ನು ಕಿತ್ತು ಹಾಕಲೇಬೇಕು.

"ಅವತ್ತು ಯಾಕೆ ನಕ್ಕಿರಿ?" ಕಪ್ಪು ಗಾಜಿನ ಕಡೆಗೇ ಮುಖ ಮಾಡಿ ಕೇಳಿದಳು. "ನಮ್ಮಪ್ಪ ಏನು ಮಾಡಿದ್ರು ನಿಮಗೆ? ಹೇಳಿ!"

ಅವನು ಥಟ್ಟನೆ ಅವಳತ್ತ ತಿರುಗಿದ. ಒಂದು ಗಳಿಗೆ ಗಲಿಬಿಲಿ. ಆಮೇಲೆ...

ನಕ್ಕ. ನಕ್ಕು, ತಲೆಯಾಡಿಸಿದ.

ಅದೇ ನಗು!

ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು. "ದಾರಿ ಬಿಡಿ!" ಎಂದವಳೇ ಇಬ್ಬರ ಮೊಣಕಾಲನ್ನೂ ದಾಟಿ ಹೊರಗೆ ಹೋದಳು. ವಿಮಾನದ ಆ ಪುಟ್ಟ ಬಚ್ಚಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮುಖ ತೊಳೆದು ಕನ್ನಡಿಗೆ ಹೇಳಿದಳು. 'ಮುಗಿಯಿತು. ಇಳಿದ ಕೂಡಲೇ ಹೂಂ ಅಂತೀನಿ.'

ವಾಪಸ್ಸು ಬಂದರೆ ದೊಡ್ಡಮ್ಮ ಕಿಟಕಿಯ ಪಕ್ಕ ಕೂತಿದ್ದಾಳೆ!

"ಗೋಡೆಗೆ ಒರಗಿ ಒಂದು ನಿದ್ದೆ ತೆಗೀತೀನಿ ಕಣೆ. ನೀನು ಆ ಕಡೆ ಕೂತ್ಕೋ."

ಅಂಚಿನ ಸೀಟು. ಅವನ ಬಲಗಡೆ. ಬೇರೆ ದಾರಿಯಿಲ್ಲದೆ ಕೂತಳು. ಅವನು ಸೀಟಿಗೆ ತಲೆಯಾನಿಸಿ ಎದುರಿನ ಪರದೆಯನ್ನು ಸುಮ್ಮನೆ ದಿಟ್ಟಿಸುತ್ತಿದ್ದ.

"ನೋಡಪ್ಪ," ಅತ್ತಲಿಂದ ದೊಡ್ಡಮ್ಮ ಅಂದಳು, "ನನ್ನ ಒಂದು ಚಪ್ಪಲಿ ನಿನ್ನ ಸೀಟಿನ ಕೆಳಗೆ ಹೋಗಿದೆ. ಸ್ವಲ್ಪ ತೆಗೆದುಕೊಡು."

ಅವನು ದೊಡ್ಡಮ್ಮನತ್ತ ಕಣ್ಣು ಹೊರಳಿಸಿದ. ನಕ್ಕ. ತಲೆಯಾಡಿಸಿದ. ಮತ್ತೆ ಪರದೆಯತ್ತ ನೋಡಿದ.

"ಇದೇನಪ್ಪ! ಚಪ್ಪಲಿ ಕೇಳಿದ್ರೆ ನಗ್ತೀಯಲ್ಲ?"

ಆಗಲೂ ಅದೇ ನಗು.

ಗುಬ್ಬಿಗೆ ಅಜ್ಜಿ ನೆನಪಾದಳು.

ಅವಳ ಅಜ್ಜಿ ಸಂಜೆ ದೀಪದ ಮುಂದೆ ಕೂತು ಪದ್ಯ ಹೇಳುವವಳು. ಮೊಮ್ಮಕ್ಕಳು ಕೇಳದೆಯೇ ಹೂಂಗುಟ್ಟಿದರೆ ಸಾಕು, ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. "ಕೇಳಿಸಲಿಲ್ಲ ಅನ್ನು ಮಗಾ, ಇನ್ನೊಂದ್ಸಲ ಹೇಳ್ತೀನಿ. ಸುಮ್ಮನೆ ತಲೆ ಆಡಿಸಬೇಡ." ಕೇಳಿ ಆಡಿಸುವ ತಲೆಗೂ, ಕೇಳದೆ ಆಡಿಸುವ ತಲೆಗೂ ಇರುವ ವ್ಯತ್ಯಾಸ ಅಜ್ಜಿಗೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು.

'ಎಡಗಡೆ... ಅವತ್ತು ಮಾವ ಕೂತಿದ್ದು ಎಡಗಡೆ. ಇವತ್ತು ನಾನು ಕೂತಿದ್ದೂ ಎಡಗಡೆ. ಈಗ ದೊಡ್ಡಮ್ಮ...'

ಅವನು ಕಣ್ಣು ಮುಚ್ಚಿದ್ದ. ಗುಬ್ಬಿ ಮೆಲ್ಲಗೆ ಎದ್ದು ನಿಂತು, ಸೀಟಿನ ಹಿಂಬದಿಯಿಂದ ಕೈ ಚಾಚಿದಳು. ಹಿಂದಿನ ಸಾಲಿನ ಮುದುಕರೊಬ್ಬರು ಕನ್ನಡಕ ಮೇಲೇರಿಸಿ ನೋಡಿದರು. ನೋಡಲಿ! ಅವನ ಎಡಗಿವಿಯ ಹತ್ತಿರ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದಳು.

ಸರಸರ...

ಅವನು ಅಲುಗಲಿಲ್ಲ.

ಇನ್ನೂ ಹತ್ತಿರ. ಇನ್ನೂ ಜೋರಾಗಿ.

ಇಲ್ಲ...

ಕೈಯನ್ನು ಬಲಗಿವಿಯ ಹತ್ತಿರ ತಂದಳು. ಒಂದೇ ಒಂದು ಸಲ ತಿಕ್ಕಿದಳು.

ಅವನು ಕಣ್ಣು ಬಿಟ್ಟ. ತಿರುಗಿದ. ಅವಳ ಮುಖ ನೋಡಿದ, ಅವಳ ಬೆರಳು ನೋಡಿದ. ಆ ಬೆರಳ ಭಾಷೆ ಅವನಿಗೆ ಗೊತ್ತಿತ್ತು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಯಾವಾಗಿಂದ?" ಗುಬ್ಬಿ ಅವನ ಬಲಗಿವಿಯ ಹತ್ತಿರ ಬಾಗಿ ಕೇಳಿದಳು.

"ಮಾತುಕತೆಗೆ ಸ್ವಲ್ಪ ದಿನ ಮುಂಚೆ. ಒಂದು ಬೆಳಗ್ಗೆ ಎದ್ದೆ, ಎಡಗಡೆ ಏನೂ ಇರಲಿಲ್ಲ. ತಾನೇ ಸರಿಹೋಗತ್ತೆ ಅಂದ್ಕೊಂಡೆ."

"ಅಯ್ಯೋ... ಅವತ್ತೇ ಡಾಕ್ಟರ ಹತ್ತಿರ ಓಡಬೇಕಿತ್ತು! ನಾನು ನರ್ಸು! ನನ್ನ ಹತ್ತಿರಾನೂ ಮುಚ್ಚಿಟ್ಟಿರಾ?"

"ನಿನ್ನ ಹತ್ತಿರಾನೇ ಮುಚ್ಚಿಡ್ಬೇಕು ಅನ್ನಿಸ್ತು. ನೀನು ನೋಡ್ಕೊಳ್ಳೋದು ಗಂಡನನ್ನ ಆಗಿರ್ಬೇಕು, ರೋಗಿಯನ್ನಲ್ಲ. ಕೆಲಸ ಹೋದೀತು ಅನ್ನೋ ಭಯ ಬೇರೆ. ಕೇಳಿಸಲಿಲ್ಲ ಅನ್ನೋಕೆ ನಾಚಿಕೆ ಆಗ್ತಿತ್ತು. ನಕ್ಕು ತಲೆ ಆಡಿಸಿದ್ರೆ ಎಲ್ಲರೂ ಸುಮ್ಮನಾಗ್ತಿದ್ರು."

"ಅವತ್ತು ನಿಮ್ಮ ಮಾವ ಏನಂದ್ರು ಅಂತ..."

"ಅಕ್ಕ ಆಮೇಲೆ ಹೇಳಿದ್ಲು. ಮಾವನ ಮನೆ ಮೆಟ್ಟಿಲು ಹತ್ತೋದು ಅವತ್ತೇ ಬಿಟ್ಟೆ. ನಿಮ್ಮಪ್ಪನ ಅಂಗಡಿಗೂ ಹೋಗಿದ್ದೆ. ಅವರು ಹೊಲಿಯೋದು ನಿಲ್ಲಿಸಲೇ ಇಲ್ಲ. ಬೇರೆ ಕಡೆ ನೋಡ್ತಿದೀವಿ ಅಂದ್ರು, ಅಷ್ಟೇ. ಆಗಲೂ ಕಿವಿ ವಿಷಯ ಹೇಳೋಕೆ ಬಾಯಿ ಬರಲಿಲ್ಲ ನನಗೆ."

ಅಪ್ಪ ಹೇಳಲೇ ಇಲ್ಲವಲ್ಲ! ಗುಬ್ಬಿಯ ಕಣ್ಣು ತುಂಬಿ ಬಂತು. ತಾನಾದರೂ ಒಂದು ಮಾತು ವಿಚಾರಿಸಿದ್ದಳೇ? ಊರಿನ ಮಕ್ಕಳ ಕಿವಿಯನ್ನೆಲ್ಲ ಪರೀಕ್ಷೆ ಮಾಡಿದವಳು, ಇವನೊಬ್ಬನನ್ನು ಪರೀಕ್ಷಿಸದೆ ಶಿಕ್ಷೆ ಕೊಟ್ಟಿದ್ದಳು.

"ಈಗ ಹೇಳಿ ಏನು ಪ್ರಯೋಜನ," ಅವನು ದನಿ ತಗ್ಗಿಸಿದ. "ಅಲ್ಲಿ ಕಾಯ್ತಿದಾರಲ್ಲ. ನೀನು ಚೆನ್ನಾಗಿದ್ರೆ ಸಾಕು, ನರ್ಸಮ್ಮ."

"ಅಷ್ಟೇನಾ? ನಿಮಗೆ ಬೇಕಾದ್ದನ್ನ ಕೇಳೋಕೂ ನಾಚಿಕೇನಾ?"

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟ. ಆಮೇಲೆ ಒಂದೊಂದೇ ಮಾತನ್ನು ಎತ್ತಿಡುವವನಂತೆ ಹೇಳಿದ. "ಅವರಿಗೆ ಹೂಂ ಅನ್ಬೇಡ. ನಾನು ಇವತ್ತಿಗೂ ನಿನ್ನವನೇ."

"ಥೂ, ಇಷ್ಟು ಹೇಳೋಕೆ ಅರ್ಧ ಆಕಾಶ ದಾಟಬೇಕಾಯ್ತಾ?"

ಗುಬ್ಬಿ ಬೆಚ್ಚಿಬಿದ್ದಳು. ಅವಳ ಕಣ್ಣು ಹೋದತ್ತ ಅವನೂ ತಿರುಗಿದ. ದೊಡ್ಡಮ್ಮ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಳು!

"ಅವನಿಗೆ ಒಂದು ಕಿವಿ ಕೇಳಲ್ಲ. ನನಗೆ ಎರಡೂ ಚೆನ್ನಾಗಿ ಕೇಳತ್ತೆ. ಹೊಸ ವಿಮಾನ ಬೇರೆ, ಒಂದು ಗುಟ್ಟೂ ನಿಲ್ಲಲ್ಲ ಇಲ್ಲಿ." ಕಣ್ಣು ಬಿಟ್ಟಳು. ಅಲ್ಲಿ ನಗುವಿರಲಿಲ್ಲ. ಅವನ ತೋಳು ತಟ್ಟಿ, ಅವನು ತನ್ನತ್ತ ಪೂರ್ತಿ ತಿರುಗುವವರೆಗೂ ಕಾದಳು. "ಹಾಗಾದ್ರೆ ಆ ಪುಣ್ಯಾತ್ಮ ನೀನೇ. ಹೂವು ಹಿಡ್ಕೊಂಡು ನಿಂತವರಿಗೆ ನಾನು ಯಾವ ಮುಖ ತೋರಿಸಲಿ, ಹೇಳು? ನನ್ನ ಮೈದುನ ಅವತ್ತಿನಿಂದ ಯಾರ ಮನೆ ಮದುವೆಗೂ ಹೋಗಿಲ್ಲ, ಗೊತ್ತಾ ನಿನಗೆ?"

ಮನೆಯಲ್ಲಿ ದೊಡ್ಡಮ್ಮನ ಮಾತು ಮೀರಿದವರಿಲ್ಲ.

"ಇಳಿದ ಕೂಡಲೇ ಇವಳ ಅಪ್ಪನಿಗೆ ಫೋನ್ ಮಾಡು. ನನ್ನೆದುರಿಗೇ. ಅವನು ಬೇಡ ಅಂದ್ರೆ ಬೇಡ. ಇವಳು ಹೂವು ತಗೋತಾಳೆ."

"ದೊಡ್ಡಮ್ಮ!"

"ಸುಮ್ಮನಿರೇ."

ಊಟದ ಗಾಡಿ ಬಂದು ಹೋಯಿತು, ಗುಬ್ಬಿಗೆ ಒಂದು ತುತ್ತೂ ಇಳಿಯಲಿಲ್ಲ. ಕಿಟಕಿಗಳು ನೀಲಿಗೆ ತಿರುಗಿ, ತಿಳಿಯಾಗಿ, ಬೆಳಕು ಒಳಗೆ ಬಂತು. ಮೋಡದ ಕೆಳಗೆ ಊರು ಕಾಣಿಸಿತು. ಚಕ್ರ ನೆಲಕ್ಕೆ ತಾಗಿದಾಗ ದೊಡ್ಡಮ್ಮ ದೇವರ ಹೆಸರು ಹೇಳಿದಳು. ಗುಬ್ಬಿಯೂ ಹೇಳಿದಳು, ಬೇರೆ ಕಾರಣಕ್ಕೆ.

ವಿಮಾನ ನಿಂತಿತು. ಜನ ಎದ್ದು ಬ್ಯಾಗಿಗೆ ಕೈಹಾಕಿದರು. ದೊಡ್ಡಮ್ಮ ಮೈದುನನಿಗೆ ಹಚ್ಚಿಕೊಟ್ಟ ತನ್ನ ಫೋನನ್ನು ಅವನು ಬಲಗಿವಿಗೆ ಹಿಡಿದ. ಗುಬ್ಬಿ ಪಕ್ಕಕ್ಕೆ ಬಾಗಿದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಟಕಟಕ ಕೇಳಿಸಿತು.

"ಅಪ್ಪಾಜಿ, ನಾನು... ಅಂಗಡಿಗೆ ಬಂದಿದ್ದೆನಲ್ಲ."

ಯಂತ್ರ ನಿಲ್ಲಲಿಲ್ಲ.

ಅವನು ಸುತ್ತ ನಿಂತ ಜನರನ್ನು ಒಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. "ನನಗೆ ಎಡಗಿವಿ ಕೇಳಿಸಲ್ಲ. ಅವತ್ತೂ ಕೇಳಿಸ್ತಿರಲಿಲ್ಲ. ಮಾವ ಅಂದ ಮಾತು ಕೇಳದೆ ನಕ್ಕೆ. ಹೇಳೋಕೆ ನಾಚಿಕೊಂಡು ನಿಮ್ಮನ್ನ ತಲೆ ತಗ್ಗಿಸೋ ಹಾಗೆ ಮಾಡಿದೆ. ತಪ್ಪು ನನ್ನದು."

ಟಕಟಕ... ಟಕ... ನಿಂತಿತು.

ಗುಬ್ಬಿ ದೊಡ್ಡಮ್ಮನ ಕೈ ಹಿಡಿದುಕೊಂಡಳು.

"ಗುಬ್ಬಿ ಪಕ್ಕದಲ್ಲಿದಾಳಾ?" ಅಪ್ಪ ಕೇಳಿದ.

"ಇದಾಳೆ."

"ಮನೆಗೆ ಬಾ." ಅಪ್ಪನ ದನಿ ಒಡೆದಿತ್ತು. "ಈ ಸಲ ನಾನು ನಿನ್ನ ಬಲಗಡೆ ಕೂರ್ತೀನಿ."

ದೊಡ್ಡಮ್ಮ ಮೂಗು ಒರೆಸಿಕೊಂಡಳು. "ಹೂವಿನವರ ಕಾಲಿಗೆ ಬೀಳೋ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಆ ಚಪ್ಪಲಿ ತೆಗೆದುಕೊಡಪ್ಪ, ಬರಿಗಾಲಲ್ಲಿ ಹೋಗಲಾ?"

ಚಪ್ಪಲಿ ಮೆಟ್ಟಿಕೊಂಡು ಅವಳು ಮುಂದೆ ಹೊರಟಳು. ಅವರಿಬ್ಬರೂ ಹಿಂದೆ ಉಳಿದರು. ಜಂಗುಳಿಯಲ್ಲಿ ಗುಬ್ಬಿ ಅವನ ಎಡಗಡೆಗೆ ಬಂದುಬಿಟ್ಟಿದ್ದಳು. ಮೆಲ್ಲಗೆ ಏನೋ ಹೇಳಿದಳು.

ಅವನ ತುಟಿಯಲ್ಲಿ ಆ ಹಳೆಯ ನಗು ಮೂಡತೊಡಗಿತು. ತಲೆ ಆಡಲಿಕ್ಕೆ ಹೊರಟಿತು...

ಅಲ್ಲೇ ತಡೆದ.

"ಕೇಳಿಸಲಿಲ್ಲ," ಅಂದ. "ಇನ್ನೊಂದ್ಸಲ ಹೇಳು."

ಗುಬ್ಬಿ ಕಣ್ಣೊರೆಸಿಕೊಂಡು ನಕ್ಕಳು. ಸುತ್ತಿ ಬಲಗಡೆಗೆ ಬಂದು, ಹಿಮ್ಮಡಿ ಎತ್ತಿ, ಅವನ ಕಿವಿಯ ಹತ್ತಿರ ಬಾಯಿಟ್ಟಳು.

"ಇನ್ನು ನನ್ನನ್ನ ಬಿಟ್ಟು ಹೋಗಬೇಡಿ ಅಂದೆ."

"ಹೂಂ," ಅಂದ ಅವನು, ಕೇಳಿಸಿಕೊಂಡೇ.