ಒಂದೇ ಕಿಟಕಿಯ ಹದಿನೇಳು ಲೇಖನಗಳು

"ಕೈ ತೆಗೀರಿ! ಮೌಸ್ ಮೇಲಿಂದ ಕೈ ತೆಗೀರಿ ಅಂದೆ!"

ಅಂಕಿತಾ ಮೇಜಿನ ಈಚೆಯಿಂದಲೇ ಬಗ್ಗಿ ಮೌಸ್ ಕಿತ್ತುಕೊಂಡಳು. ತಡವಾಗಿತ್ತು. ಕಾಲೇಜಿನ ಲೈಬ್ರರಿಯನ್ ಬಕ್ಕೇಶ್ ಆಗಲೇ ಒತ್ತಿಬಿಟ್ಟಿದ್ದ. ಪರದೆಯ ಮೇಲೆ ಅವಳ ಹೆಸರಿನ ಕೆಳಗಿದ್ದ ಹದಿನೇಳು ಸಂಶೋಧನಾ ಲೇಖನಗಳು ನಾಲ್ಕಾಗಿದ್ದವು. ಬೇರೆ ಸಂಶೋಧಕರು ಅವುಗಳನ್ನು ಉಲ್ಲೇಖಿಸಿದ ಸಂಖ್ಯೆ, ಎಲ್ಲರೂ ಸೈಟೇಶನ್ ಎನ್ನುವುದು, ಇನ್ನೂರ ಎಂಬತ್ತಾರರಿಂದ ಹತ್ತೊಂಬತ್ತಕ್ಕೆ ಇಳಿದಿತ್ತು.

"ಏನ್ ಮಾಡಿದ್ರಿ ಇದು?"

"ಕ್ಲೀನ್ ಮಾಡಿದೆ ಮೇಡಂ." ಅವನ ಮುಖದಲ್ಲಿ ಹೆಮ್ಮೆ. "ನಿಮ್ಮ ಹೆಸರಿನೋರು ಮೂರ್ನಾಲ್ಕು ಜನ ಮಿಕ್ಸ್ ಆಗಿದ್ರು. ನೀವು ಸ್ಟ್ಯಾಟಿಸ್ಟಿಕ್ಸ್ ಹೇಳ್ಕೊಡೋರು. ಈ ಮಂಡಕ್ಕಿ ಭಟ್ಟಿ ಹೊಗೆ, ಗದ್ದೆ ಕೊಕ್ಕರೆ, ಲಾರಿ ಹಾರ್ನು, ಇವೆಲ್ಲ ಯಾರೋ ಬೇರೆ ಅಂಕಿತಾ ಬರ್ದಿರಬೇಕು."

"ಎಲ್ಲಾ ನಾನೇ ರೀ ಬರ್ದಿದ್ದು!"

ಬಕ್ಕೇಶ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಹಾಗೆ ಮಾಡಿದರೆ ಎದುರಿಗೆ ಇನ್ನೂ ಮೂವರು ಕಾಣಿಸಬಹುದು ಎಂಬಂತೆ ನೋಡಿದ. ಕಾಣಿಸಿದ್ದು ಒಬ್ಬಳೇ, ಕೋಪಕ್ಕೆ ಮೂಗಿನ ತುದಿ ಕೆಂಪಾದವಳು.

"ಒಬ್ರೇನಾ? ಇದೇನ್ ಮೇಡಂ, ಮಂಡಿಪೇಟೆ ಕಿರಾಣಿ ಅಂಗಡಿ ಇದ್ದಂಗೈತೆ!"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಗುರುವಾರ ಬಡ್ತಿಯ ಸಂದರ್ಶನವಿತ್ತು, ಒಂಬತ್ತು ವರ್ಷ ಕಾದ ಹುದ್ದೆಗೆ. ತೆಗೆದ ಲೇಖನಗಳನ್ನು ಮರಳಿ ಸೇರಿಸಲು ಅವೆಲ್ಲ ಒಬ್ಬಳವೇ ಎಂದು ಆ ಜಾಲತಾಣಕ್ಕೆ ವಿವರಣೆ ಕೊಡಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಹದಿಮೂರು ಲೇಖನಗಳಿಗೆ ಏನಂತ ವಿವರಣೆ ಕೊಡುವುದು?

"ಸೋಮವಾರದೊಳಗೆ ನಾನೇ ಸರಿ ಮಾಡ್ತೀನಿ. ಬಿಚ್ಚಿದೋನೇ ಹೊಲೀಬೇಕಲ್ರಿ," ಎಂದ ಬಕ್ಕೇಶ್.

"ಆಗ್ಲಿಲ್ಲಾಂದ್ರೆ?"

"ನನ್ನ ಲೇಖನ ಎಲ್ಲಾ ಅಳಿಸಿಬಿಡ್ರಿ." ಒಂದು ಕ್ಷಣ ಯೋಚಿಸಿದ. "ಒಂದೂ ಇಲ್ಲ, ಆದ್ರೂ ಅಳಿಸ್ರಿ."

ಸೋಮವಾರ ಅವನ ಮೇಜಿನ ಮೇಲೆ ಹದಿನೇಳೂ ಲೇಖನಗಳ ಪ್ರಿಂಟ್ ಇದ್ದವು. ಅಂಚುಗಳಲ್ಲಿ ಪೆನ್ಸಿಲ್ ಗುರುತು.

"ಎಲ್ಲಾ ಓದಿದ್ರಾ?"

"ಫಾರ್ಮುಲಾ ಬಂದಲ್ಲೆಲ್ಲ ಹಾರಿಸಿದೆ. ಉಳಿದಿದ್ದು ಓದಿದೆ." ಕೈಯಲ್ಲೇ ಗೀಚಿದ ನಕ್ಷೆಯೊಂದನ್ನು ಅವಳತ್ತ ತಿರುಗಿಸಿದ. "ನೀವು ಹರಿಹರದಿಂದ ದಿನಾ ಬಸ್ಸಿಗೆ ಬರ್ತೀರಲ್ಲ? ಮೊದಲು ಗದ್ದೆ. ಕೊಕ್ಕರೆ ಲೇಖನ. ಆಮೇಲೆ ಹೈವೇ. ಹಾರ್ನಿನ ಲೇಖನ. ದಾವಣಗೆರೆ ಊರೊಳಗೆ ಬಂದ್ರೆ ಭಟ್ಟಿ ಹೊಗೆ, ಕೆಲಸದೋರ ಉಸಿರಾಟ. ನೀವು ಹತ್ತು ವಿಷಯ ಬರೆದಿಲ್ಲ ಮೇಡಂ. ಒಂದೇ ಕಿಟಕಿ ಬರೆದೀರಿ."

ವೈದ್ಯರು, ಪಕ್ಷಿತಜ್ಞರು, ಎಂಜಿನಿಯರುಗಳು ಅವಳ ಲೇಖನಗಳನ್ನು ಉಲ್ಲೇಖಿಸಿದ್ದರು. ಆ ಲೇಖನಗಳ ಹಿಂದೆ ಒಬ್ಬಳು ಕೂತಿದ್ದಾಳೆಂದು ಯಾರೂ ಗಮನಿಸಿರಲಿಲ್ಲ. ಕಿವಿ ಬೆಚ್ಚಗಾಯಿತು.

"ಕೊಂಡಜ್ಜಿ ಕೆರೆ ಲೇಖನ ಮಾತ್ರ ಈ ದಾರೀಲಿ ಬರಲ್ಲ," ಎಂದ, ಪತ್ತೇದಾರನ ಹಾಗೆ.

"ಅದು ಭಾನುವಾರದ ಬಸ್ಸು. ಅಜ್ಜಿ ಊರು."

ಅವನು ನಕ್ಷೆಯನ್ನು ತನ್ನತ್ತ ತಿರುಗಿಸಿಕೊಂಡು ತಕ್ಷಣ ಬರೆದುಕೊಂಡ. ಪೆನ್ಸಿಲ್ ನಿಲ್ಲಿಸಿ, ತಲೆ ಎತ್ತದೆ ಹೇಳಿದ: "ಒಂದಕ್ಕೆ ಮಾತ್ರ ಸೈಟೇಶನ್ ಸೊನ್ನೆ. ಬಸ್ಸಲ್ಲಿ ನಿಂತು ಹೋಗೋ ಹೆಂಗಸರ ಬೆನ್ನುನೋವು."

"ಗೊತ್ತು. ನೆನಪು ಮಾಡ್ಬ್ಯಾಡ್ರಿ."

"ನಾನು ಮೂರು ಸಲ ಓದಿದೆ."

"ಓದಿದ್ದು ಲೆಕ್ಕಕ್ಕೆ ಬರಲ್ಲ ರೀ."

"ಯಾರ ಲೆಕ್ಕಕ್ಕೆ?" ಎಂದು ಕೇಳಿ ಈಗ ತಲೆ ಎತ್ತಿದ. ಅಂಕಿತಾ ಅವಸರವಾಗಿ ನಕ್ಷೆ ನೋಡತೊಡಗಿದಳು. ಅದು ತಲೆಕೆಳಗಾಗಿತ್ತು.

ಗುರುವಾರ ಸಂದರ್ಶನದಲ್ಲಿ ಹಿರಿಯರೊಬ್ಬರು ಮತ್ತೆ ಹದಿನೇಳಾಗಿದ್ದ ಲೇಖನಗಳ ಪಟ್ಟಿ ನೋಡಿ ಹುಬ್ಬೇರಿಸಿದರು. "ನಿಮ್ಮ ಕ್ಷೇತ್ರ ಯಾವುದಮ್ಮಾ?"

"ಹರಿಹರ ದಾವಣಗೆರೆ ಬಸ್ಸು, ಸರ್."

ಎಲ್ಲರೂ ನಕ್ಕರು. ಬಕ್ಕೇಶನ ನಕ್ಷೆ ಕೈಯಿಂದ ಕೈಗೆ ದಾಟಿತು, ನಗು ನಿಂತಿತು, ಪ್ರಶ್ನೆಗಳು ಶುರುವಾದವು. ನಾಲ್ಕು ಗಂಟೆಗೆ ಹುದ್ದೆ ಅವಳದಾಯಿತು.

ಸುದ್ದಿ ಹೇಳಲು ಲೈಬ್ರರಿಗೆ ಓಡಿದರೆ ಬೀಗ. ಬೇಸರದಲ್ಲೇ ಬಸ್ ಸ್ಟ್ಯಾಂಡಿಗೆ ಬಂದಳು. ಹರಿಹರದ ಬಸ್ಸು ಜನರಿಂದ ತುಂಬಿ ತುಳುಕುತ್ತಿತ್ತು. ಕಿಟಕಿ ಪಕ್ಕದ ಸೀಟಿನ ಮೇಲೆ ಮಾತ್ರ ಒಂದು ಚೌಕಳಿ ಕರ್ಚೀಫು, ಅದರ ಪಕ್ಕ ಬಕ್ಕೇಶ್.

"ಬರ್ರಿ, ಕೂಡ್ರಿ. ನಿಂತ್ರೆ ಬೆನ್ನು ನೋವು ಬರ್ತೈತೆ. ಅದರ ಮೇಲೆ ಒಂದು ಒಳ್ಳೆ ಲೇಖನ ಐತೆ."

ಅವಳು ಕೂತಳು. ಸುದ್ದಿ ಹೇಳಿದಳು. ಅವನು ಬಸ್ಸಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದ.

"ನಿಮ್ಮನಿ ಇಲ್ಲೇ ವಿದ್ಯಾನಗರದಾಗಲ್ವಾ? ಹರಿಹರದಾಗೇನು ಕೆಲಸ?"

"ಏನೂ ಇಲ್ಲ. ಓದಿದ್ದನ್ನ ನೋಡೋಕೆ ಬಂದೆ."

"ಒಂದೇ ದಿನದಾಗೆ ಎಲ್ಲಾ ನೋಡಾಕಾಗಲ್ಲ."

ಅವನು ಜೇಬಿನಿಂದ ಒಂದು ಕಾರ್ಡು ತೆಗೆದು ಅವಳ ಅಂಗೈಯಲ್ಲಿಟ್ಟ. ದಾವಣಗೆರೆಯಿಂದ ಹರಿಹರಕ್ಕೆ ತಿಂಗಳ ಬಸ್ ಪಾಸು, ಹೊಸದು. ಫೋಟೋದಲ್ಲಿ ಅವನು ವಿಪರೀತ ಗಂಭೀರವಾಗಿದ್ದ.

ಅಂಕಿತಾ ಪಾಸನ್ನು ನೋಡಿದಳು, ಅವನನ್ನು ನೋಡಿದಳು. ನಗು ತಡೆಯಲು ತುಟಿ ಕಚ್ಚಿದಳು, ಆಗಲಿಲ್ಲ. ಪಾಸನ್ನು ಹಿಂತಿರುಗಿಸದೆ ತನ್ನ ಪರ್ಸಿನಲ್ಲೇ ಇಟ್ಟುಕೊಂಡಳು.

ಊರು ದಾಟಿತು. ಗದ್ದೆಗಳು ಬಂದವು, ಸಂಜೆ ಬಿಸಿಲಲ್ಲಿ ಕೊಕ್ಕರೆಗಳು.

"ನೋಡಾಕೇ ಬಂದೀರಲ್ಲ," ಎನ್ನುತ್ತ ಅವಳು ಅರ್ಧ ಎದ್ದಳು. "ಈ ಕಡೆ ಬರ್ರಿ. ಇವತ್ತು ಕಿಟಕಿ ನಿಮಗೆ."

ಗಾಳಿಗೆ ಅವಳ ಕೂದಲು ಕೆನ್ನೆಯ ಮೇಲೆ ಹಾರುತ್ತಿತ್ತು. ಅದರಾಚೆ ಗದ್ದೆ. ಬಕ್ಕೇಶ್ ಕೂತಲ್ಲಿಂದ ಕದಲಲಿಲ್ಲ.

"ಒಲ್ಲೆ," ಅಂದ.