ಹೋದಷ್ಟೇ ನೀರು

“ಸಮುದ್ರದ ಟ್ಯಾಂಕಿಗೆ ಉಪ್ಪುನೀರಲ್ಲದೆ ಇನ್ನೇನು ಹಾಕ್ತಾರೆ?”

ಕೇಳಿದವನು ಕನ್ನಡಕದಂಗಡಿಯವನು. ಸ್ವಂತ ಮನೆಯ ಹಾಲ್‌ನಲ್ಲಿ, ಕೈಯಲ್ಲಿ ಬಕೆಟ್ ಹಿಡಿದು, ತಪ್ಪು ತನ್ನದೇ ಎಂದು ಅನುಮಾನ ಬಂದ ಗಂಡಸರು ದನಿ ಏರಿಸುವಂತೆ ಏರಿಸಿಯೇ ಕೇಳಿದ.

ಟ್ಯಾಂಕಿನ ಮುಂದೆ ಮಂಡಿಯೂರಿ ಕೂತವಳು ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದಳು. ಅವಳದು ಅಕ್ವೇರಿಯಂ ಅಂಗಡಿ. ಬೋರ್ಡಿನ ಮೇಲೆ ದೊಡ್ಡದಾಗಿ ಮೀನಿನ ಚಿತ್ರ ಬರೆಸಿದ ತಪ್ಪಿಗೆ ಈಗಲೂ ಯಾರಾದರೂ ಚೀಲ ಹಿಡಿದು ಬಂದು ಅರ್ಧ ಕೆ.ಜಿ. ಕೇಳುವುದುಂಟು. “ಇವು ನೋಡೋಕೆ, ತಿನ್ನೋಕಲ್ಲ” ಎಂದು ಅವಳು ನಗದೆ ಹೇಳಿ ಕಳಿಸುತ್ತಾಳೆ. ಈಗಲೂ ಅವಳು ನಗಲಿಲ್ಲ.

ಗಾಜಿನೊಳಗೆ ಹವಳ ಮುದುಡಿಕೊಂಡಿತ್ತು. ಹಸಿರು ಬೆರಳು ಚಾಚಿ, ಪ್ರತಿ ಬೆರಳ ತುದಿಗೂ ಹೊಂಬಣ್ಣದ ಚುಕ್ಕೆಯಿಟ್ಟುಕೊಂಡು, ಪಂಪಿನ ಅಲೆಗೆ ದಿನವಿಡೀ ತೂಗುತ್ತಿದ್ದ ಜೀವ ಅದು. ಈಗ ಬೆರಳೆಲ್ಲ ಒಳಕ್ಕೆ ಎಳೆದುಕೊಂಡು, ವಸಡು ಸರಿದ ಹಲ್ಲಿನಂತೆ ಬಿಳಿಯ ಬುಡ ಕಾಣುತ್ತಿತ್ತು.

ಟ್ಯಾಂಕು ಅವನ ಅಮ್ಮನದು. ಅಮ್ಮ ಆಸ್ಪತ್ರೆಯಲ್ಲಿದ್ದರು, ಹೃದಯ ಸೋತಿತ್ತು. ಭಾನುವಾರ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು, ಗುಣವಾದವರನ್ನು ಕಳಿಸುವ ದನಿಯಲ್ಲಿ ಅಲ್ಲ. “ಮಂಚ ಟ್ಯಾಂಕಿನ ಎದುರಿಗೆ ಹಾಕು. ನನ್ನ ಹವಳ ನೋಡ್ಕೊಂಡು ಮಲಗಿರ್ತೀನಿ. ಬೇರೇನೂ ಬೇಡ ನಂಗೆ” ಎಂದಿದ್ದರು ಅಮ್ಮ. ಏನೂ ಕೇಳದವರು ಕೇಳುವ ಒಂದೇ ಒಂದು ವಸ್ತುವಿಗೆ ಬಹಳ ತೂಕವಿರುತ್ತದೆ.

ಆಸ್ಪತ್ರೆಗೆ ಹೊರಡುವಾಗ ಅವರು ಹೇಳಿದ್ದು ಇಷ್ಟೇ: “ನೀರು ಗೆರೆಯಿಂದ ಇಳಿದ್ರೆ ತುಂಬು.” ಯಾವ ನೀರು ಎಂಬುದೂ ಹೇಳಬೇಕಾದ ಮಾತು ಎಂದು ಅವರಿಗೆ ಹೊಳೆದಿರಲಿಲ್ಲ. ಮಗ ದಿನವೂ ಭಕ್ತಿಯಿಂದ ಉಪ್ಪು ಕದಡಿ ತುಂಬಿದ.

ಅವಳು ಚೀಲದಿಂದ ಉಪ್ಪು ಅಳೆಯುವ ಪುಟ್ಟ ದುರ್ಬೀನಿನಂಥದ್ದೊಂದನ್ನು ತೆಗೆದು, ಅದರ ಗಾಜಿನ ಮೇಲೆ ಟ್ಯಾಂಕಿನ ನೀರು ಒಂದು ಹನಿ ಬಿಟ್ಟು, ಅವನ ಕೈಗೆ ಕೊಟ್ಟಳು.

“ಬೆಳಕಿಗೆ ಹಿಡಿದು ನೋಡಿ. ನೀಲಿ ಎಲ್ಲಿ ಮುಗಿಯುತ್ತೆ?”

“ನಲವತ್ತೆರಡು.”

“ಮೂವತ್ತೈದು ಇರಬೇಕು. ಊರಿಗೆಲ್ಲ ಕಣ್ಣು ಕೊಡೋರ ಮನೇಲಿ ಇದನ್ನ ಯಾರೂ ನೋಡಲಿಲ್ಲ.” ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. “ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತೆ. ಹೋದಷ್ಟನ್ನೇ ತುಂಬಬೇಕು, ಸಾದಾ ನೀರು. ನೀವು ಉಪ್ಪಿನ ಮೇಲೆ ಉಪ್ಪು ಹಾಕ್ತಾ ಹೋಗಿದೀರ.”

“ಈಗಲೇ ಎಲ್ಲಾ ತೆಗೆದು ಸಾದಾ ನೀರು ಹಾಕಿಬಿಡಲಾ?”

“ಹಾಕಿ. ಮೀನೂ ಸಾಯಲಿ.” ಅವಳು ತೋಳು ಮಡಚಿಕೊಂಡಳು. “ದಿನಾ ಸ್ವಲ್ಪ ಸ್ವಲ್ಪ ಇಳಿಸಬೇಕು. ಸಂಜೆ ಅಂಗಡಿ ಮುಚ್ಚಿ ಬರ್ತೀನಿ.”

“ನಿಮಗ್ಯಾಕೆ ತೊಂದರೆ? ಹೇಗೆ ಅಂತ ಹೇಳಿ, ನಾನೇ ಮಾಡ್ತೀನಿ.”

“ನೀವು ಮಾಡಿದ್ದು ಕಾಣ್ತಿದೆಯಲ್ಲ. ನಾನು ಬರ್ತಿರೋದು ಅತ್ತೆಗೋಸ್ಕರ.”

ಅತ್ತೆ. ಆ ಮಾತು ಅವನಿಗೆ ತಾಕಿತು. ಒಂದು ಕಾಲಕ್ಕೆ ಇವರಿಬ್ಬರ ಮದುವೆ ನಿಶ್ಚಯವಾಗಿತ್ತು. ಅವಳು “ಯಾವಾಗ?” ಎಂದು ಕೇಳುತ್ತಿದ್ದಳು, ಅವನು ಕಾರಣ ಹೇಳುತ್ತಿದ್ದ. ಅಂಗಡಿ ಒಂದು ನೆಲೆಗೆ ನಿಲ್ಲಲಿ, ಮನೆಗೆ ಸುಣ್ಣಬಣ್ಣ ಆಗಲಿ, ಚಳಿ ಕಳೆಯಲಿ. ಒಂದೊಂದು ಕಾರಣವೂ ನಿಜವೇ. ಅದೇ ಅದರ ಕೇಡು. ಜಗಳವಾಗಲಿಲ್ಲ, ಬಾಗಿಲು ಬಡಿಯಲಿಲ್ಲ. ಒಂದು ದಿನ ಅವಳು “ಯಾವಾಗ” ಎಂದು ಕೇಳುವುದನ್ನು ಬಿಟ್ಟಳು. ಆಮೇಲೂ ಅವನು ಫೋನ್ ಮಾಡಿ ಕಾರಣಗಳನ್ನೇ ವಿವರಿಸಿದ. ಸಂಬಂಧ ತಪ್ಪಿತು. ಅತ್ತೆ ಎಂದು ಕರೆಯುವುದು ಮಾತ್ರ ತಪ್ಪಲಿಲ್ಲ.

ಸಂಜೆಗಳು ಬಂದವು. ಅವಳು ಪೈಪಿನಿಂದ ಉಪ್ಪುನೀರು ಇಳಿಸುವಳು, ಅವನು ಬಕೆಟ್ ಹೊತ್ತು ಬಚ್ಚಲಿಗೆ ಸುರಿದು, ಅಡುಗೆಮನೆಯಿಂದ ಫಿಲ್ಟರ್ ನೀರು ತರುವನು. ಟ್ಯಾಂಕಿನ ನೀಲಿ ಬೆಳಕು ಅವಳ ಒದ್ದೆ ಮೊಣಕೈ ಮೇಲೆ ಆಡುತ್ತಿತ್ತು. ನೋಡಬಾರದು ಎಂದುಕೊಂಡು ಅವನು ಮೀನು ನೋಡುವನು. ಮೀನಿನ ಹಿಂದೆ, ಗಾಜಿನಲ್ಲಿ, ಮತ್ತೆ ಅವಳೇ.

ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿಯೊಂದು ಮುದುಡಿದ ಹವಳದ ಬಳಿಯೇ ಸುಳಿಯುತ್ತಿತ್ತು.

“ದೊಡ್ಡದು ಹೆಣ್ಣು,” ಎಂದಳು. “ಚಿಕ್ಕದು ಗಂಡ. ಅವಳು ಹೋದಲ್ಲಿ ಹೋಗುತ್ತೆ.”

“ಪಾಪ, ಅದಕ್ಕೆ ಮಾತೇ ಬರಲ್ವಾ?”

“ಕಾರಣ ಕೊಡೋಕೆ ಬರಲ್ಲ. ಅದಕ್ಕೇ ಸಂಸಾರ ನಡೀತಿದೆ.”

ಅವನ ಕನ್ನಡಕದ ಮೇಲೆ ಸಿಡಿದ ಉಪ್ಪುನೀರು ಒಣಗಿ ಬಿಳಿ ಚುಕ್ಕೆಗಳಾಗಿದ್ದವು. ಅಂಗಿಯ ಅಂಚು ಎತ್ತಿ ಒರೆಸಲು ಹೋದವನ ಕೈಯಿಂದ ಅವಳು ಅದನ್ನು ಕಸಿದುಕೊಂಡಳು. ನಲ್ಲಿಯ ಕೆಳಗೆ ಹಿಡಿದು, ತೊಳೆದು, ಆಮೇಲೆ ಮೆತ್ತಗಿನ ಬಟ್ಟೆಯಿಂದ ಒತ್ತಿದಳು.

“ಮೊದಲು ತೊಳಿ, ಆಮೇಲೆ ಒರೆಸು. ಇಲ್ಲದಿದ್ರೆ ಗೀರು ಬೀಳುತ್ತೆ. ಯಾರೋ ಹೇಳಿಕೊಟ್ಟಿದ್ರು.”

ಹೇಳಿಕೊಟ್ಟವನು ಎದುರಿಗೇ ನಿಂತಿದ್ದ. ಕನ್ನಡಕವಿಲ್ಲದೆ ಅವನಿಗೆ ಒಂದು ಗೇಣಿನಾಚೆ ಎಲ್ಲವೂ ಮಂಜು. ಕನ್ನಡಕ ಏರಿಸಲು ಬಂದ ಅವಳು ಒಂದು ಕ್ಷಣ ಆ ಗೇಣಿನೊಳಗಿದ್ದಳು. ಹುಬ್ಬಿನ ಬಳಿ ಒಂದು ಬಿಳಿ ಕೂದಲು, ಹಿಂದೆ ಇರಲಿಲ್ಲ. ತನ್ನ ಕಾರಣಗಳಲ್ಲಿ ಯಾವುದರ ಕಾಲಕ್ಕೆ ಅದು ಬೆಳ್ಳಗಾಯಿತೋ ಎಂದು ಯೋಚಿಸುವಷ್ಟರಲ್ಲಿ ಅವಳು ಹಿಂದೆ ಸರಿದಿದ್ದಳು.

ನೀರು ಸರಿಯಾಗುತ್ತ ಬಂತು. ಹವಳ ಆಗಲಿಲ್ಲ. ಒಂದು ಸಂಜೆ ಅದರ ಮಾಂಸ ಕಂದುಬಣ್ಣದ ಲೋಳೆಯಾಗಿ ಕಳಚಿ, ಅಲೆಯಲ್ಲಿ ತೇಲಿತು. ಅವಳು ಪಂಪ್ ನಿಲ್ಲಿಸಿ, ಬಿಳಿ ಅಸ್ಥಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟಳು.

ಅವನು ನೆಲದ ಮೇಲೆ ಕೂತುಬಿಟ್ಟ. “ಅಮ್ಮ ಕೇಳಿದ್ದು ಇದೊಂದೇ.”

ಅವಳು ಒದ್ದೆ ಕೈ ಒರೆಸಿಕೊಂಡಳು. ಚೀಲ ತೆಗೆದುಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತು, “ನಾಳೆ ಮನೇಲೇ ಇರಿ” ಎಂದಳು.

ಮರುದಿನ ಅವಳ ಕೈಯಲ್ಲೊಂದು ಮುಚ್ಚಳದ ಡಬ್ಬಿ ಇತ್ತು. ಒಳಗೆ, ಅವಳ ಸ್ವಂತ ಟ್ಯಾಂಕಿನ ನೀರಿನಲ್ಲಿ, ಮುಷ್ಟಿ ಗಾತ್ರದ ಹಸಿರು ಹವಳ. ಬೆರಳ ತುದಿಯಲ್ಲಿ ಹೊಂಬಣ್ಣದ ಚುಕ್ಕೆ.

“ಇಂಥದ್ದೇ ಎಲ್ಲಿ ಸಿಕ್ತು?”

“ಇಂಥದ್ದಲ್ಲ, ಇದು ಅದೇ. ಹವಳ ಸಾಕೋರು ಒಂದು ಕೊಂಬೆ ಮುರಿದು ಇನ್ನೊಬ್ಬರಿಗೆ ಕೊಟ್ಟಿರ್ತಾರೆ. ನಮ್ಮನೇದು ಸತ್ರೆ ಅವರ ಮನೇಲಿ ಉಳೀಲಿ ಅಂತ.” ಅವಳು ಡಬ್ಬಿಯನ್ನು ಟ್ಯಾಂಕಿನ ನೀರಿನಲ್ಲಿ ತೇಲಿಬಿಟ್ಟಳು, ಬಿಸುಪು ಹೊಂದಿಕೊಳ್ಳಲಿ ಎಂದು. “ನಮ್ಮಿಬ್ಬರದು ಮುರಿದ ವಾರ ಅತ್ತೆ ನನ್ನ ಅಂಗಡಿಗೆ ಬಂದಿದ್ರು. ‘ಮಗನನ್ನ ಕೊಡೋಕಾಗಲಿಲ್ಲ ಕಣೆ, ಇದನ್ನಾದ್ರೂ ಇಟ್ಕೋ’ ಅಂತ ಒಂದು ಕಡ್ಡಿಯಷ್ಟು ಕೊಟ್ಟು ಹೋದ್ರು.”

“ಇಷ್ಟು ವರ್ಷ ಸಾಕಿದೆಯಾ?”

“ಹವಳ ಏನು ತಪ್ಪು ಮಾಡಿತ್ತು?”

ಭಾನುವಾರ ಬೆಳಿಗ್ಗೆ ಅಮ್ಮ ಬಂದರು. ಮಂಚದ ಮೇಲೆ ಅವರು ಮಡಚಿಟ್ಟ ಹೊದಿಕೆಯಷ್ಟೇ ಜಾಗ ಹಿಡಿದರು. ಹವಳ ಇನ್ನೂ ಮುದುಡಿಕೊಂಡಿತ್ತು. ಮನೆ ಬದಲಾದಾಗ ಅದು ಹಾಗೇ ಮುನಿಯುತ್ತದೆ. ಬೆರಳು ಬಿಚ್ಚಿದರೆ ಬದುಕಿತು, ಬಿಚ್ಚದಿದ್ದರೆ ಇಲ್ಲ.

ಅಮ್ಮ ಬಹಳ ಹೊತ್ತು ನೋಡಿದರು.

“ಆಸ್ಪತ್ರೇಲಿ ನಾನು ಇಳಿದುಹೋದೆ, ಸರಿ. ಮನೇಲಿದ್ದ ಇದು ಯಾಕೋ ಇಳಿದುಹೋಯ್ತು?”

“ಅದು ಲೈಟಿನ ಸಮಸ್ಯೆ ಅಮ್ಮ, ಆಮೇಲೆ ಪಂಪು ಕೂಡ…”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೋಬೇಡ. ಉಪ್ಪುನೀರು ಸುರಿದ್ಯಾ?”

ಅವನು ಟ್ಯಾಂಕಿನ ಪಕ್ಕ ನಿಂತಿದ್ದ ಅವಳತ್ತ ನೋಡಿದ. ಅವಳು ನೆಲ ನೋಡಿದಳು. ಅಲ್ಲಿಂದ ನೆರವು ಬರುವ ಹಾಗಿರಲಿಲ್ಲ.

“ಹೂಂ. ಸತ್ತುಹೋಯ್ತಮ್ಮ. ನಾನೇ ಸಾಯಿಸಿದೆ.”

ಕಾರಣದ ಬಾಲ ಕಟ್ಟದೆ ಅವನು ಮುಗಿಸಿದ ಮೊದಲ ಮಾತು ಬಹುಶಃ ಅದೇ. ಅಮ್ಮನಿಗೂ ಅದು ಕೇಳಿಸಿತು. ಅವರ ಸಿಟ್ಟು ಬರುವ ದಾರಿಯಲ್ಲೇ ನಿಂತಿತು.

“ಮತ್ತೆ ಇದು?”

“ನೀವು ಕೊಟ್ಟಿದ್ದೇ, ಅತ್ತೆ,” ಎಂದಳು ಅವಳು.

ಅಮ್ಮ ಕಣ್ಣೊರೆಸಿಕೊಂಡರು. “ಕೊಟ್ಟಿದ್ದನ್ನ ಉಳಿಸಿದ್ಯಲ್ಲ ಮಗಳೇ. ಅವತ್ತು ಕೊಡೋಕಾಗದೇ ಇದ್ದಿದ್ದೂ ಇನ್ನೂ ಇಲ್ಲೇ ಬಿದ್ದಿದೆ, ನೋಡು. ಯಾರೂ ಒಯ್ದಿಲ್ಲ.”

ಇಬ್ಬರೂ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಓಡಿದರು. ಫಿಲ್ಟರ್ ನಲ್ಲಿಯಿಂದ ಬಕೆಟ್ಟಿಗೆ ನೀರು ಸಣ್ಣಗೆ ಬೀಳುತ್ತಿತ್ತು.

“ಆಗ ನಾನು ಮುಂದಕ್ಕೆ ಹಾಕಿದ್ದು ಯಾಕೆ ಅಂದ್ರೆ…” ಎಂದು ಶುರುಮಾಡಿದ.

“ಮತ್ತೆ ಉಪ್ಪುನೀರಾ?”

ಅವನು ನಿಲ್ಲಿಸಿದ. ಒಳಗೆ ಸಾಲುಗಟ್ಟಿ ನಿಂತಿದ್ದ ಕಾರಣಗಳನ್ನೆಲ್ಲ ಹಿಂದಕ್ಕೆ ಕಳಿಸಲು ಸ್ವಲ್ಪ ಹೊತ್ತು ಬೇಕಾಯಿತು. ಬಕೆಟ್ ಅರ್ಧ ತುಂಬಿತು.

“ನಿನ್ನನ್ನ ಕಾಯಿಸಿದೆ. ತಪ್ಪು ನಂದು. ನೀನು ಬೇಕು ನಂಗೆ. ಮದುವೆ ಆಗೋಣ.”

ಅವಳು ನಲ್ಲಿಯನ್ನೇ ನೋಡುತ್ತ, ವರ್ಷಗಳ ಹಿಂದೆ ಕೇಳುವುದನ್ನು ಬಿಟ್ಟ ಮಾತನ್ನು ಕೇಳಿದಳು. “ಯಾವಾಗ?”

“ಅಮ್ಮ ನೋಡೋ ಹಾಗೆ.”

ಬಕೆಟ್ ತುಂಬಿ ಅವರ ಕಾಲಿನ ಮೇಲೆ ಹರಿಯಿತು. ಅವಳ ಒದ್ದೆ ಕೈ ಅವನ ಕೈ ಹುಡುಕಿ ಹಿಡಿಯಿತು. ನಲ್ಲಿ ನಿಲ್ಲಿಸಬೇಕು ಎಂದು ಇಬ್ಬರಿಗೂ ತೋಚಲಿಲ್ಲ.

“ನೀರು ತರೋಕೆ ಬಾವಿ ತೋಡ್ತಿದೀರೇನ್ರೋ?” ಹಾಲ್‌ನಿಂದ ಅಮ್ಮನ ದನಿ, ಆಮೇಲೆ ಕೆಮ್ಮು, ಆಮೇಲೆ ಬೇರೆಯೇ ದನಿ: “ಬೇಗ ಬನ್ನಿ. ಬಿಚ್ಕೋತಿದೆ.”

ಒಂದೇ ಒಂದು ಹಸಿರು ಬೆರಳು, ಚಿನ್ನದ ಚುಕ್ಕೆ ಹೊತ್ತು, ಅಲೆಗೆ ಹೊರಬಂದಿತ್ತು.

ಮದುವೆ ಆ ವಾರವೇ ಆಯಿತು, ಮಂಚಕ್ಕೂ ಟ್ಯಾಂಕಿಗೂ ನಡುವೆ, ಅಕ್ಕಪಕ್ಕದ ಮನೆಯವರ ಎದುರು. ಅಮ್ಮ ಆಶೀರ್ವಾದ ಮಾಡಿ, “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಹವಳ ಕಾಣ್ತಿಲ್ಲ” ಎಂದರು. ಎಲ್ಲರೂ ನಕ್ಕರು. ಹವಳ ಅಷ್ಟರಲ್ಲಿ ಪೂರ್ತಿ ಅರಳಿತ್ತು. ಇದ್ದಷ್ಟು ದಿನ ಅಮ್ಮ ಅದನ್ನು ನೋಡುತ್ತಲೇ ಇದ್ದರು.

ಅಮ್ಮ ಹೋದ ಮಾರನೆಯ ಬೆಳಿಗ್ಗೆ ಟ್ಯಾಂಕಿನ ನೀರು ಗೆರೆಯಿಂದ ಇಳಿದಿತ್ತು. ಮನೆಯಲ್ಲಿ ಏನಾದರೇನು, ನೀರು ತನ್ನ ಪಾಡಿಗೆ ಆವಿಯಾಗುತ್ತದೆ. ಖಾಲಿ ಮಂಚವನ್ನು ಇನ್ನೂ ಯಾರೂ ಸರಿಸಿರಲಿಲ್ಲ. ಅವನು ಜಗ್ ತಂದ. ಅವಳು ಮುಚ್ಚಳ ಎತ್ತಿ ಹಿಡಿದಳು.

“ಸಾದಾ ತಾನೇ?”

“ಸಾದಾನೇ.”

ಗೆರೆಯವರೆಗೆ ಸುರಿದ. ಹೋದಷ್ಟೇ. ಉಪ್ಪು ಇದ್ದಲ್ಲೇ ಇತ್ತು.